ನೀಲಿ ಮುಚ್ಚಳದ ಬಾಟ್ಲಿ

ಲೋಕಮ್ಮನ ಬಲಗೈ ಹೆಬ್ಬೆರಳು ಮಡಚುವುದನ್ನು ಬಿಟ್ಟು ಎರಡು ತಿಂಗಳಾಗಿತ್ತು. ಸೀರೆಯ ನೆರಿಗೆ ಹಿಡಿಯಲು ಆಗುತ್ತಿರಲಿಲ್ಲ. ಅನ್ನ ಕಲಸಲು ಆಗುತ್ತಿರಲಿಲ್ಲ. ಹಸುವಿನ ಕೆಚ್ಚಲಿಗೆ ಕೈ ಹಾಕಿದರೆ ಮಾತ್ರ ಏನೂ ಆಗಿಲ್ಲವೇನೋ ಎಂಬಂತೆ ಅದು ಕೆಲಸಕ್ಕಿಳಿಯುತ್ತಿತ್ತು.

"ನಿನ್ ಬೆರಳೂ ಕಮಲಾಕರಯ್ಯನ ಆಳೇ ಬಿಡು. ನಮ್ಮನೇಲಿ ಕೆಲ್ಸ ಮಾಡಕ್ಕೆ ಅದಕ್ಕೆ ಮನಸಿಲ್ಲ," ಎಂದು ಗಂಡ ಉಜ್ಜಪ್ಪ ನಗುತ್ತಿದ್ದ.

ಕಮಲಾಕರಯ್ಯ ಊರಿನ ಹಾಲಿನ ಸೊಸೈಟಿಯ ಅಧ್ಯಕ್ಷರು. ಮೊದಲು ಡೇರಿಯಲ್ಲಿ ಒಂದು ಮನೆಯಿಂದ ಹೊತ್ತಿಗೆ ಇಪ್ಪತ್ತೇ ಲೀಟರ್ ಎಂಬ ಮಿತಿ ಇತ್ತು. ಹೋದ ವರ್ಷ ಅದನ್ನು ತೆಗೆದರು. ತೆಗೆದ ದಿನ ಅಧ್ಯಕ್ಷರು ಮೈಸೂರುಪಾಕು ಹಂಚಿ, ಇನ್ನು ಯಾರು ಎಷ್ಟು ಬೇಕಾದರೂ ಹಾಲು ಹಾಕಬಹುದು ಎಂದರು. ಲೋಕಮ್ಮನೂ ಚಪ್ಪಾಳೆ ತಟ್ಟಿದಳು. ಅವಳಿಗಿದ್ದದ್ದು ಒಂದೇ ಹಸು, ಹೊತ್ತಿಗೆ ಐದು ಲೀಟರ್. ಮಿತಿ ಇದ್ದರೂ ಅಷ್ಟೇ, ಹೋದರೂ ಅಷ್ಟೇ. ಆದರೂ ಸಿಹಿ ತಿಂದ ಮೇಲೆ ಚಪ್ಪಾಳೆ ತಟ್ಟದಿದ್ದರೆ ಚೆನ್ನಾಗಿರುವುದಿಲ್ಲ.

ವರ್ಷ ತುಂಬುವುದರೊಳಗೆ ಅಧ್ಯಕ್ಷರ ಆರು ಹಸು ಮೂವತ್ತಾದವು. ತಗಡಿನ ಶೆಡ್ಡು ಬಂತು, ಹಸುಗಳಿಗೆ ಫ್ಯಾನು ಬಂತು, ಮಲಗಲು ರಬ್ಬರ್ ಚಾಪೆ ಬಂತು. ಹಾಲು ಕರೆಯುವ ಮೆಷಿನ್ನೂ ಬಂತು. ಬೆಳಗಿನ ಹೊತ್ತು ಕರೆಂಟು ಮಾತ್ರ ಬರಲಿಲ್ಲ. ಹಾಗಾಗಿ ಲೋಕಮ್ಮ ಮತ್ತು ಇನ್ನಿಬ್ಬರು ಹೆಂಗಸರು ಕೂಲಿಗೆ ಹಾಲು ಕರೆಯಲು ನಾಲ್ಕೂವರೆಗೇ ಶೆಡ್ಡಿನಲ್ಲಿರಬೇಕಿತ್ತು.

ಡೇರಿಯಲ್ಲಿ ಹಾಲು ತಣ್ಣಗಿಡುವ ಕೂಲರ್ ಮಾತ್ರ ಬೆಳೆಯಲಿಲ್ಲ, ಮೊದಲಿದ್ದಷ್ಟೇ ಇತ್ತು. ಅಧ್ಯಕ್ಷರ ಹಾಲು ಸುರಿದರೆ ಸಾಲಿನ ಕೊನೆಯವರಿಗೆ ಜಾಗ ಸಾಲುತ್ತಿರಲಿಲ್ಲ. ಅದರ ಮೇಲೆ ಒಂದು ದಿನ ಹಾಲು ತೆಳು ಎಂದು ಟ್ಯಾಂಕರಿನವರು ತುಂಬಿಕೊಳ್ಳದೆ ಹೋದರು. ಮರುದಿನ ಗೋಡೆಗೆ ನೋಟೀಸು ಬಿತ್ತು. ಹಾಲಿನ ಗಟ್ಟಿತನ, ಅಂದರೆ ಎಸ್ಸೆನ್ನೆಫ್, ಎಂಟೂವರೆ ಬರಬೇಕು. ಬೆಳಗಿನ ಹಾಲು ಮೂರು ಸಲ ಕಡಿಮೆ ಬಂದರೆ ಯಾರೇ ಆಗಲಿ ನಂಬರ್ ರದ್ದು. ನಂಬರ್ ಹೋದರೆ ಆ ಡೇರಿಯಲ್ಲಿ ಹಾಲು ಹಾಕುವ ಹಾಗಿಲ್ಲ. ಕೆಳಗೆ, ಆಗಲೇ ಕಡಿಮೆ ಬಂದವರ ಒಂಬತ್ತು ನಂಬರ್ ಬರೆದಿದ್ದರು. ಒಂಬತ್ತೂ ಒಂದೊಂದು ಹಸುವಿನ ಮನೆಯವು. ಅದರಲ್ಲಿ ಹದಿನಾಲ್ಕನೇ ನಂಬರ್ ಲೋಕಮ್ಮನದು. ಅವಳದು ಒಂದು ಸಲ ಕಡಿಮೆ ಬಂದಿತ್ತು.

ಲೋಕಮ್ಮನಿಗೆ ಇದು ಅರ್ಥವಾಗಲಿಲ್ಲ. ಅವಳ ಹಸು ಅಧ್ಯಕ್ಷರ ಕೊಟ್ಟಿಗೆಯಲ್ಲೇ ಹುಟ್ಟಿದ್ದು. ಅದರ ತಾಯಿ ಇನ್ನೂ ಅಲ್ಲೇ ಇದೆ. ಅದೇ ಹುಲ್ಲು, ಅದೇ ಹಿಂಡಿ, ಕರೆಯುವ ಕೈಯೂ ಅದೇ. ಅಲ್ಲಿ ಎಂಟೂ ಮುಕ್ಕಾಲು ದಾಟುತ್ತದೆ, ಇಲ್ಲಿ ಆವತ್ತು ಎಂಟು ಪಾಯಿಂಟ್ ಮೂರು ಬಂದಿತ್ತು.

"ನಾನೇ ಏನೋ ತಪ್ಪು ಮಾಡ್ತಿರ್ಬೇಕು," ಎಂದಳು.

"ನೀನು ಹಸೂಗೆ ಬೈತೀಯಲ್ಲ, ಅದ್ಕೆ," ಎಂದ ಉಜ್ಜಪ್ಪ.

ಅವಳು ಒಂದು ವಾರ ಬೈಯುವುದನ್ನೂ ಬಿಟ್ಟಳು. ಹಾಲು ದಿನಾ ಎಂಟೂವರೆಯ ಅಂಚಿಗೆ ಬಂದು ನಿಲ್ಲುತ್ತಿತ್ತು, ಅದಕ್ಕಿಂತ ಗಟ್ಟಿಯಾಗಲಿಲ್ಲ.

ಶೆಡ್ಡಿನ ಕೊನೆಯಲ್ಲಿ ಕೆಂಪಿ ಎಂಬ ಮಲೆನಾಡು ಗಿಡ್ಡ ತಳಿಯ ಹಸು ಇತ್ತು. ಕೊಡುವುದು ಒಂದು ಲೀಟರ್, ಆದರೆ ಬೆರಳದ್ದಿದರೆ ಅಂಟುವಷ್ಟು ಗಟ್ಟಿ ಹಾಲು. ಅದರ ಹಾಲನ್ನು ನೀಲಿ ಮುಚ್ಚಳದ ಬಾಟ್ಲಿಗೆ ತುಂಬಿಡಬೇಕು. "ಅದು ಪೂಜೆಗೆ. ಬೇರೆ ಹಾಲು ಒಂದು ಹನಿ ಸೇರ್ಸಬೇಡ," ಎಂದು ಅಧ್ಯಕ್ಷರು ಮೊದಲೇ ಹೇಳಿದ್ದರು. ಲೋಕಮ್ಮ ಕೈಕಾಲು ತೊಳೆದು, ಸೆರಗು ಸರಿಮಾಡಿಕೊಂಡು, ಕೆಂಪಿಗೆ ನಮಸ್ಕಾರ ಮಾಡಿಯೇ ಕೂರುತ್ತಿದ್ದಳು. ಆ ಮನೆಯ ಜಗಲಿ ದಾಟಿ ಅವಳು ಎಂದೂ ಒಳಗೆ ಹೋದವಳಲ್ಲ. ತಾನು ಕರೆದ ಹಾಲಾದರೂ ದೇವರ ಕೋಣೆಯ ತನಕ ಹೋಗುತ್ತದಲ್ಲ ಎಂದು ಒಳಗೊಳಗೇ ಹಿಗ್ಗು.

ಅವಳ ಮನೆಯ ಹಾಲನ್ನು ಡೇರಿಗೆ ಒಯ್ಯುತ್ತಿದ್ದವಳು ಸೊಸೆ ಕರುಣಾ. ಕರುಣಾ ಗುಡವಿಯ ತವರಿಗೆ ಹೋದಾಗ, ಒಂದು ಸೋಮವಾರ, ಶೆಡ್ಡಿನ ಕೆಲಸ ಮುಗಿಸಿ ಲೋಕಮ್ಮನೇ ಓಡಿದಳು. ಸಾಲಿನಲ್ಲಿ ಅವಳ ಮುಂದೆ ಶಿಕಾರಿಪುರದ ಕಡೆಯಿಂದ ಸೊಸೆಯಾಗಿ ಬಂದ ಶಕುಂತಲಮ್ಮ. ಅವಳ ನಂಬರೂ ಆ ಒಂಬತ್ತರಲ್ಲಿತ್ತು.

ಅಧ್ಯಕ್ಷರ ಗಾಡಿ ಬಂತು. ಆರು ಕ್ಯಾನ್ ಸೀದಾ ಕೂಲರಿಗೆ ಹೋದವು. ಡ್ರೈವರ್ ಅರುಣ ಸೀಟಿನ ಪಕ್ಕದಿಂದ ಒಂದು ಬಾಟ್ಲಿ ತೆಗೆದು ಸೆಕ್ರೆಟರಿ ನಾಗೇಶನ ಕೈಗಿಟ್ಟ. ನೀಲಿ ಮುಚ್ಚಳ.

"ಅದೆಂಥದು?" ಲೋಕಮ್ಮ ಕೇಳಿದಳು.

"ಅಧ್ಯಕ್ಷರ ಸ್ಯಾಂಪಲ್ ಅಲ್ಲೇನ್ರೀ," ಎಂದಳು ಶಕುಂತಲಮ್ಮ. "ಅವರದ್ದು ಕ್ಯಾನ್ ತೆರೆಯಂಗಿಲ್ಲ. ದಿನಾ ಮನೆಯಿಂದ್ಲೇ ಬರ್ತೈತಿ, ಮದುವಣಗಿತ್ತಿ ಬಂದಂಗೆ."

ಮೆಷಿನ್ನು ಎಂಟು ಪಾಯಿಂಟ್ ಒಂಬತ್ತು ತೋರಿಸಿತು. ಲೋಕಮ್ಮನ ಸರದಿ ಬಂದಾಗ ಎಂಟು ಪಾಯಿಂಟ್ ಮೂರು.

"ಎರಡನೇ ಸಲ ಆಯ್ತು ಲೋಕಮ್ಮ," ಎಂದ ನಾಗೇಶ್. "ನಾಳೆ ಒಂದಿನ ನೋಡು."

ಮನೆಗೆ ಹೋಗುವ ದಾರಿಯಲ್ಲಿ ಅವಳಿಗೆ ಮೊದಲು ಬಂದದ್ದು ಸಿಟ್ಟಲ್ಲ, ನಾಚಿಕೆ. ಇಷ್ಟು ದಿನ ಕಾಲು ತೊಳೆದುಕೊಂಡು, ಕೈಮುಗಿದು, ಅಧ್ಯಕ್ಷರ ತೆಳು ಹಾಲನ್ನು ಮುಚ್ಚಿಡಲು ಕೆಂಪಿಯ ಬಾಟ್ಲಿ ತುಂಬಿಕೊಟ್ಟು, ತನ್ನ ನಂಬರಿಗೆ ತಾನೇ ಕಲ್ಲು ಹಾಕಿದ್ದಳು. ಹೇಳಿದರೆ ಶೆಡ್ಡಿನ ಕೆಲಸ ಹೋಗುತ್ತದೆ. ಸುಮ್ಮನಿದ್ದರೆ ನಂಬರ್ ಹೋಗುತ್ತದೆ, ಅದರ ಹಿಂದೆ ಹಸುವೂ ಹೋಗುತ್ತದೆ. ಸಂಜೆ ಉಜ್ಜಪ್ಪನಿಗೆ ಹೇಳಿದಳು.

ಅವನು ತಮಾಷೆ ಮಾಡಲಿಲ್ಲ. "ಜಗಳ ಗಿಗಳ ಬ್ಯಾಡ," ಎಂದ.

"ಜಗಳ ಯಾರು ಮಾಡ್ತಾರೆ? ಬಾಟ್ಲಿ ತುಂಬದು ನನ್ ಕೆಲ್ಸ. ತುಂಬ್ತೀನಿ."

ಮಂಗಳವಾರ ಬೆಳಿಗ್ಗೆ ಅವಳು ಕೆಂಪಿಯ ಹಾಲನ್ನು ಬೇರೆ ಚೊಂಬಿನಲ್ಲಿ ಕರೆದು ಅಧ್ಯಕ್ಷರ ಮನೆಯ ಜಗಲಿಯ ಮೇಲಿಟ್ಟಳು. ಆಮೇಲೆ ಉದ್ದನೆಯ ಸೌಟು ತೆಗೆದುಕೊಂಡು ಆರು ಕ್ಯಾನನ್ನೂ ತಳದಿಂದ ಕಲಸಿದಳು. ಒಂದೊಂದರಿಂದ ಸ್ವಲ್ಪ ಸ್ವಲ್ಪ ತೆಗೆದು ನೀಲಿ ಮುಚ್ಚಳದ ಬಾಟ್ಲಿಗೆ ತುಂಬಿದಳು. ಮನೆಗೆ ಹೋಗಿ ತನ್ನ ಕ್ಯಾನ್ ಹಿಡಿದು ಡೇರಿಗೆ ಬಂದಳು.

ಅಧ್ಯಕ್ಷರು ಅಂದು ಬಂದು ಕುರ್ಚಿಯಲ್ಲಿ ಕೂತಿದ್ದರು. ನಂಬರ್ ರದ್ದು ಮಾಡುವ ದಿನ ಅಧ್ಯಕ್ಷರು ಇರಬೇಕಲ್ಲ.

ನಾಗೇಶ್ ಬಾಟ್ಲಿಯ ಹಾಲನ್ನು ಮೆಷಿನ್ನಿಗೆ ಇಟ್ಟ. ಎಂಟು ಪಾಯಿಂಟ್ ಒಂದು. ಮೆಷಿನ್ನು ಒರೆಸಿ ಮತ್ತೆ ಇಟ್ಟ. ಎಂಟು ಪಾಯಿಂಟ್ ಒಂದು. ಮೆಷಿನ್ನಿನ ತಲೆಗೆ ಮೆಲ್ಲಗೆ ಒಂದು ಏಟು ಕೊಟ್ಟ. ಅದು ಹಠ ಬಿಡಲಿಲ್ಲ.

"ಎಂತ ಆಯ್ತು ಮಾರಾಯಾ?" ಎಂದರು ಅಧ್ಯಕ್ಷರು.

ನಾಗೇಶ್ ಚೀಟಿ ತೋರಿಸಿದ. ಕಮಲಾಕರಯ್ಯ ಎದ್ದು ನಿಂತರು. ಸಾಲಿನಲ್ಲಿ ಲೋಕಮ್ಮ ಕಂಡಳು.

"ಲೋಕಮ್ಮ! ಬಾಟ್ಲಿಗೆ ಯಾವ ಹಾಲು ಹಾಕಿದ್ಯೆ?"

"ನಿಮ್ದೇ ಅಯ್ಯಾ. ಆರೂ ಕ್ಯಾನಿಂದು. ಚೆನ್ನಾಗಿ ಕಲಸಿ ಹಾಕೀನಿ."

"ಕ್ಯಾನಿಂದು ಹಾಕು ಅಂತ ಯಾರು ಹೇಳಿದ್ರು ನಿಂಗೆ? ಕೆಂಪೀದು ತಾನೆ ಹಾಕ್ಬೇಕು!"

ಬಾಯಿಂದ ಬಂದ ಮೇಲೆ ಅವರಿಗೆ ತಿಳಿಯಿತು.

"ಕೆಂಪಿ ಅಂದ್ರೆ ಯಾರ್ರೀ ಅಧ್ಯಕ್ಷರ?" ಶಕುಂತಲಮ್ಮ ಕೇಳಿದಳು. "ಆರು ಕ್ಯಾನ್ ತುಂಬುಸ್ತಾಳೇನ್ರೀ ದಿನಾ? ನಮಗೂ ಅಂಥದ್ದೊಂದು ಕೊಡ್ಸ್ರೀ!"

ನಗು ಬಾಗಿಲಿನಿಂದ ಹೊರಟು ರಸ್ತೆಯವರೆಗೆ ಹೋಯಿತು. ಗಾಡಿಯಲ್ಲಿ ಕೂತಿದ್ದ ಅರುಣ ಸ್ಟೀರಿಂಗಿಗೆ ಮುಖ ಒತ್ತಿಕೊಂಡು ನಕ್ಕ.

"ನಾಳೆಯಿಂದ ಶೆಡ್ಡಿಗೆ ಕಾಲಿಡ್ಬೇಡ," ಎಂದರು ಕಮಲಾಕರಯ್ಯ.

"ಆಯ್ತು ಅಯ್ಯಾ." ಅವಳು ಕ್ಯಾನನ್ನು ಮೇಜಿನ ಮೇಲಿಟ್ಟಳು. "ನಾಗೇಶಣ್ಣ, ನಂದು ನೋಡು."

ಎಂಟು ಪಾಯಿಂಟ್ ಮೂರು.

"ಮೂರನೇ ಸಲ," ಎಂದ ನಾಗೇಶ್. ದನಿ ಕೇಳಿಸುವಂತಿರಲಿಲ್ಲ.

"ಹೌದು. ನಂಗಿಂತ ಅಧ್ಯಕ್ಷರದ್ದು ತೆಳು. ನೋಟೀಸಲ್ಲಿ ಯಾರೇ ಆಗಲಿ ಅಂತ ಐತೆ. ಮೊದ್ಲು ಅವರ ಒಂದನೇ ನಂಬರ್ ರದ್ದು ಅಂತ ಬರಿ. ಆಮೇಲೆ ನಂದೂ ಬರಿ, ನಾನು ಬ್ಯಾಡ ಅನ್ನಲ್ಲ."

"ಅವರದ್ದು ಇವತ್ತು ಮೊದಲನೇ ಸಲ..."

"ಇವತ್ತೇ ಮೊದಲ್ನೇ ಸಲ ನೋಡಿದ್ದು ಅನ್ನು," ಎಂದಳು ಶಕುಂತಲಮ್ಮ.

ಹೆಂಗಸರು ತಮ್ಮ ಕ್ಯಾನುಗಳನ್ನು ಒಂದೊಂದಾಗಿ ಕೂಲರಿನ ಮುಂದೆ ಇಟ್ಟು ಅಲ್ಲೇ ನಿಂತರು. ಹೊರಗೆ ಟ್ಯಾಂಕರಿನವನು ಹಾರ್ನ್ ಹೊಡೆದ. ನಾಗೇಶ್ ಅಧ್ಯಕ್ಷರ ಮುಖ ನೋಡಿದ. ಅಧ್ಯಕ್ಷರು ಗೋಡೆಯ ನೋಟೀಸನ್ನು ಬೇರೆ ಯಾರೋ ಬರೆದದ್ದೆಂಬಂತೆ ಓದುತ್ತಿದ್ದರು. ಟ್ಯಾಂಕರ್ ಮತ್ತೆ ಹಾರ್ನ್ ಹೊಡೆದಾಗ ನಾಗೇಶ್ ಪೆನ್ನನ್ನು ಜೇಬಿಗೆ ಸಿಕ್ಕಿಸಿ, ಯಾರ ನಂಬರನ್ನೂ ಹೊಡೆದುಹಾಕದೆ, ಲೋಕಮ್ಮನ ಹಾಲನ್ನು ಸುರಿದುಕೊಂಡ.

ಬುಧವಾರ ನಾಲ್ಕೂವರೆಗೆ ಲೋಕಮ್ಮನಿಗೆ ತಾನಾಗಿ ಎಚ್ಚರವಾಯಿತು. ಹೋಗಲು ಶೆಡ್ಡಿರಲಿಲ್ಲ. ಹೆಬ್ಬೆರಳು ನೋಯುತ್ತಿತ್ತು. ಸ್ವಲ್ಪ ಹೊತ್ತು ಹೆದರಿಕೆಯಾಯಿತು. ಆಮೇಲೆ ಎದ್ದು ತನ್ನ ಹಸುವನ್ನು ಕರೆದಳು, ಚೆನ್ನಾಗಿ ಬೈಯುತ್ತಲೇ.

ಡೇರಿಗೆ ಹೋದಾಗ ಸಾಲು ಒಳಗಿರಲಿಲ್ಲ. ಹೊರಗೆ, ಅಧ್ಯಕ್ಷರ ಗಾಡಿ ಬಂದು ನಿಲ್ಲುವ ಕಡೆ ಇತ್ತು. ಎಂಟು ಜನ ಹೆಂಗಸರು. ಪ್ರತಿಯೊಬ್ಬಳ ಒಂದು ಕೈಯಲ್ಲಿ ಕ್ಯಾನು, ಇನ್ನೊಂದು ಕೈಯಲ್ಲಿ ಉದ್ದನೆಯ ಸೌಟು. ಶಕುಂತಲಮ್ಮ ತನ್ನ ಹತ್ತಿರ ಎರಡು ಸೌಟು ಇಟ್ಟುಕೊಂಡಿದ್ದಳು.

"ತಗೋರಿ ಲೋಕಮ್ಮ," ಎಂದು ಒಂದನ್ನು ಚಾಚಿದಳು. "ತಳದಿಂದ ಹೆಂಗೆ ಕಲಸಬೇಕು ಅಂತ ತೋರ್ಸ್ರೀ. ಗಾಡಿ ಬಂತು."