ಐಸ್ ಪೆಟ್ಟಿಗೆಯ ಸೀಸೆ

ಸಿಡಿಲಿಗೆ ಫ್ರಿಜ್ ಸುಟ್ಟುಹೋದ ದಿನ ಜಲಜ ಗಾಬರಿಯಾಗಲಿಲ್ಲ. ಉಪ್ಪುಂದದಲ್ಲಿ ಇಪ್ಪತ್ತು ವರ್ಷದಿಂದ ಮೀನು ಮಾರುವವಳಿಗೆ ಐಸಿಗೇನು ಬರ? ಮಗಳು ಪ್ರೇಕ್ಷಾಳ ಇನ್ಸುಲಿನ್ ಸೀಸೆಯನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಮೀನಿನ ಪೆಟ್ಟಿಗೆಯ ತಳದಲ್ಲಿ ಹುಗಿದಳು. ಅಂಜಲ್ ಮೀನಿಗೆ ಮಾಡುವ ಹಾಗೆಯೇ ಪುಡಿ ಐಸಿನ ಮೇಲೆ ಎರಡು ಹಿಡಿ ಕಲ್ಲುಪ್ಪು ಎರಚಿದಳು. ಉಪ್ಪು ಬಿದ್ದರೆ ಐಸು ಇನ್ನೂ ಕೊರೆಯುತ್ತದೆ.

ಆ ಮದ್ದು ಎಲ್ಲಿಂದ ಬರುತ್ತದೆಂದು ಪ್ರೇಕ್ಷಾಳೇ ಪಿಯುಸಿ ಪುಸ್ತಕ ಬಿಡಿಸಿ ಹೇಳಿದ್ದಳು.

“ಮನ್ಷ್ರ ಜೀನ್ ಕತ್ತರ್ಸಿ ಬ್ಯಾಕ್ಟೀರಿಯಾದ ಒಳ್ಗೆ ಸೇರ್ಸುದ್ ಅಮ್ಮ. ಮತ್ತೆ ಅದೇ ನಮ್ಗೆ ಇನ್ಸುಲಿನ್ ಮಾಡಿ ಕೊಡತ್ತ್.”

“ಹುಳ ಮಾಡಿದ್ದಾ? ಹಂಗಾರೆ ಬೇಗ ಹಾಳಾತ್ತ್. ಐಸಂಗೇ ಇಡ್ಕ್.”

“ನಿಂಗೆ ಎಲ್ಲವೂ ಮೀನೇ,” ಎಂದು ಮಗಳು ನಕ್ಕಿದ್ದಳು.

ಮೂರನೆಯ ದಿನ ಸೀಸೆಯೊಳಗೆ ಬೆಳ್ಳಗೆ ಏನೋ ತೇಲುತ್ತಿದೆಯೆಂದು ಪ್ರೇಕ್ಷಾ ತೋರಿಸಿದಳು. ಕುಲುಕಿಸಿ ತೆಗೆದುಕೋ ಎಂದಳು ಜಲಜ. ವಾರದೊಳಗೆ ಸಕ್ಕರೆ ನಾನೂರು ದಾಟಿತು.

“ಕಾಲೇಜಂಗೆ ಕದ್ದ್ ಎಂತ ತಿಂಬ್ದ್ ನೀನ್?”

“ಎಂತದೂ ತಿನ್ಲಿಲ್ಲೆ ಅಮ್ಮ.”

ಮೂರು ದಿನ ಅದೇ ಪ್ರಶ್ನೆ, ಅದೇ ಉತ್ತರ. ನಾಲ್ಕನೆಯ ದಿನ ಪ್ರೇಕ್ಷಾ ಗೋಡೆಯ ಕಡೆ ತಿರುಗಿ ಮಲಗಿದವಳು, “ಹೌದ್, ತಿಂದೆ. ಆಯ್ತಲೆ?” ಎಂದಳು. ಜಲಜಳಿಗೆ ಒಳಗೊಳಗೇ ಸಮಾಧಾನವಾಯಿತು. ಕಾರಣ ಗೊತ್ತಾದ ಮೇಲೆ ಡಾಕ್ಟರ್ ಯಾಕೆ? ಅನ್ನ ಕಡಿಮೆ ಮಾಡಿದಳು. ಬೋಟಿನಲ್ಲಿದ್ದ ಗಂಡ ಗುಣಪಾಲನಿಗೂ ಫೋನಿನಲ್ಲಿ ದೂರು ಹೇಳಿದಳು.

ಎರಡು ದಿನ ಬಿಟ್ಟು ಪ್ರೇಕ್ಷಾ ವಾಂತಿ ಮಾಡಿಕೊಂಡು ಏದುಸಿರು ಬಿಡತೊಡಗಿದಳು. ಕುಂದಾಪುರದ ಆಸ್ಪತ್ರೆ ಮುಟ್ಟುವಾಗ ಎಚ್ಚರವಿರಲಿಲ್ಲ. ಇನ್ಸುಲಿನ್ ಎಲ್ಲಿಡುತ್ತಿದ್ದಿರಿ ಎಂದು ನರ್ಸ್ ವನಜ ಕೇಳಿದಾಗ, ಉಪ್ಪು ಹಾಕಿದ್ದನ್ನೂ ಬಿಡದೆ ಜಲಜ ಹೇಳಿದಳು. ವನಜಳ ಪೆನ್ನು ನಿಂತಿತು.

“ಹೆಪ್ಪುಗಟ್ರೆ ಮುಗೀತ್ ಅಕ್ಕಾ. ಮತ್ತೆ ಕರಗ್ರೂ ಅದ್ ಮದ್ದಲ್ಲ. ನೀರಿನ ಮಡ್ಕಿ ಬದಿಗೆ ಇಟ್ರೂ ಸಾಕಿತ್ತ್.”

ಇಪ್ಪತ್ತು ವರ್ಷ ಐಸಿನೊಳಗೆ ಮರಗಟ್ಟಿದ ತನ್ನ ಬೆರಳುಗಳನ್ನು ಜಲಜ ಸೆರಗಿನೊಳಗೆ ಮುಚ್ಚಿಕೊಂಡಳು.

ಮೂರನೆಯ ದಿನ ಬೆಳಿಗ್ಗೆ ಡಾಕ್ಟರು ಪ್ರೇಕ್ಷಾಳ ರೆಪ್ಪೆ ಎತ್ತಿ ಬೆಳಕು ಬಿಟ್ಟರು. ಜಲಜಳೂ ಬಗ್ಗಿ ನೋಡಿದಳು. ದಿನಾ ಕಣ್ಣು ನೋಡಿಯೇ ಮೀನು ಆರಿಸುವವಳು. ಡಾಕ್ಟರು ಹೇಳುವ ತನಕ ಕಾಯಬೇಕಾಗಲಿಲ್ಲ.

ಆಗಷ್ಟೇ ದಡ ಸೇರಿ ಓಡಿಬಂದ ಗುಣಪಾಲ ಮಂಚದ ಕಬ್ಬಿಣ ಹಿಡಿದು ಅಳುತ್ತ ನಿಂತ. “ಸಿಹಿ ತಿಂಬುಕಾಗ ಅಂದ್ರೆ ಕೇಳ್ಲಿಲ್ಲೆ ಅಲ್ದಾ ಇದ್...”

“ಅದ್ ಎಂತದೂ ತಿನ್ಲಿಲ್ಲೆ,” ಎಂದಳು ಜಲಜ.

ಅವನಿಗೆ ಕೇಳಿಸಲಿಲ್ಲ. ಅವಳು ಇನ್ನೊಮ್ಮೆ ಹೇಳಿದಳು.