ಫ್ಯಾನು ನಿಂತಿರಲಿಲ್ಲ

"ಏನ್ ಕಟ್ ಹಾಕೀಯಲೇ ಇಲ್ಲಿ! ಇನ್ನೊಮ್ಮೆ ಹಚ್ಚು," ಎಂದು ಕಿರಣ್ ಕುರ್ಚಿಯನ್ನು ಪರದೆಯ ಹತ್ತಿರಕ್ಕೆ ಎಳೆದುಕೊಂಡ.

ಸುಧನ್ವ ಮತ್ತೆ ಹಾಕಿದ. ಕಾಂಪೌಂಡಿನ ಕಬ್ಬಿಣದ ಗೇಟು ಬಡಿದ ಸದ್ದು ನಗಾರಿಯಾಗಿ ಬಿತ್ತು; ಒಗ್ಗರಣೆಯ ಸೌಟಿನಲ್ಲಿ ಸಿಡಿದ ಸಾಸಿವೆ ಅದರ ಬೆನ್ನಿಗೆ ಕಿರುತಾಳವಾಗಿ ಬಂತು. ಅದರ ಮೇಲೆ ಅವನ ತಂದೆ ಪದ್ಮನಾಭರಾಯರ ಗಂಭೀರ ಧ್ವನಿ ಎದ್ದಿತು: "ಧ್ಯಾನ್ ದೀಜಿಯೇ. ಪ್ಲಾಂಟ್ ಚಾ... ಚಾ..." ಧ್ವನಿ ಅಲ್ಲಿ ತೊಡರಿ, ಪೂರ್ತಿ ಇಲ್ಲವಾಗಿ, ಕೇಳುವವನು ಉಸಿರು ಬಿಗಿಹಿಡಿಯುವ ಹೊತ್ತಿಗೆ ಏನೂ ಆಗದಂತೆ ಮುಂದುವರಿಯಿತು: "...ಚಾಲೂ ಹೋ ರಹಾ ಹೈ."

"ಹ್ಯಾಂಗ ಮಾಡಿದಿ?"

"ನಾ ಮಾಡಿಲ್ಲ ಯಾರ್. ಅಪನೇ ಆಪ್ ಆಯ್ತು. ಸೌಂಡ್ ಕಾರ್ಡ್ ಲೋಚಾ ಇರ್ಬೇಕು."

"ನಸೀಬ ಛಲೋ ಐತಿ ನಿಂದು. ಮಂದಿ ಇಂಥದಕ್ಕ ತಿಂಗಳುಗಟ್ಟಲೆ ಒದ್ದಾಡ್ತಾರ. ನಿನ್ನ ಡಬ್ಬಾ ಕಂಪ್ಯೂಟರು ಪುಕ್ಕಟೆ ಮಾಡಿಕೊಡ್ತದ!" ಎಂದು ಅವನು ನಕ್ಕ.

ಧಾರವಾಡದ ಕಿರಣ್ ವಡೋದರಾದಲ್ಲಿ ಓದುತ್ತಿದ್ದ ಹಾಸ್ಟೆಲ್ ಹುಡುಗ. ಗ್ಲಿಚ್ ಹಾಪ್ ಎಂಬ ಹೊಸ ಸಂಗೀತದ ರುಚಿಯನ್ನು ಸುಧನ್ವನಿಗೆ ಹತ್ತಿಸಿದವನೂ, ಕದ್ದ ತಂತ್ರಾಂಶದ ಸಿ.ಡಿ. ತಂದುಕೊಟ್ಟವನೂ ಅವನೇ. ಕುಂಟುತ್ತ ಸಾಗುವ ನಿಧಾನದ ತಾಳ, ಗೀರುಬಿದ್ದ ಸಿ.ಡಿ. ತೊದಲಿದಂತೆ, ಕೆಟ್ಟ ತಂತಿ ಕಿರುಗುಟ್ಟಿದಂತೆ ಅದರ ಮೇಲೆ ಹರಿದುಬೀಳುವ ಸದ್ದುಗಳು. ಹೊಸಬರು ತಮ್ಮ ಮನೆಯ ಸದ್ದುಗಳಿಂದಲೇ ಆರಂಭಿಸಬೇಕೆಂದು ಅಂತರ್ಜಾಲದಲ್ಲಿ ಯಾರೋ ಬರೆದಿದ್ದರು. ಅಂತೆಯೇ ಸುಧನ್ವ ಗೋರ್ವಾ ಬಡಾವಣೆಯ ತಮ್ಮ ಕ್ವಾರ್ಟರ್ಸಿನಲ್ಲಿ ಸದ್ದು ಮಾಡುವ ಯಾವುದನ್ನೂ ಬಿಟ್ಟಿರಲಿಲ್ಲ. ಕಡೆಗೆ ತಂದೆಯನ್ನೂ ಮೈಕಿನ ಮುಂದೆ ಕೂರಿಸಿದ್ದ. ಪದ್ಮನಾಭರಾಯರು ಊರಂಚಿನ ರಾಸಾಯನಿಕ ಕಾರ್ಖಾನೆಯಲ್ಲಿ ಪಾಳಿಯ ಮುಖ್ಯಸ್ಥರು. ಯಾವ ಕೊಳವೆಯನ್ನು ಯಾವಾಗ ತೆರೆಯಬೇಕು, ಯಾವಾಗ ಮುಚ್ಚಬೇಕು ಎಂದು ಕಂಟ್ರೋಲ್ ರೂಮಿನಿಂದ ಧ್ವನಿವರ್ಧಕದಲ್ಲಿ ಕೂಗಿ ಹೇಳುವ ಹೊಣೆ ಅವರದು. ಮಗ ಕೇಳಿದಾಗ ಅವರು ಒಳಗೊಳಗೇ ಹಿಗ್ಗಿ, ಗಂಟಲು ಸರಿಪಡಿಸಿಕೊಂಡು, ಗಮನವಿಡಿ, ಪ್ಲಾಂಟ್ ಆರಂಭವಾಗುತ್ತಿದೆ ಎಂಬ ಆ ಘೋಷಣೆಯನ್ನೇ ಹೇಳಿದ್ದರು. ಅವರಿಗೆ ಬೆನ್ನು ಮಾಡಿ, ಪರದೆಯನ್ನೇ ನೋಡುತ್ತ ಹೆಡ್‌ಫೋನಿನಲ್ಲಿ ಕೇಳುತ್ತಿದ್ದ ಮಗನಿಗೆ ಧ್ವನಿ ಅಲ್ಲಲ್ಲಿ ತುಂಡಾದದ್ದು ಎಷ್ಟು ಇಷ್ಟವಾಯಿತೆಂದರೆ, ಇನ್ನೊಂದು ಸಲ, ಮತ್ತೊಂದು ಸಲ ಎಂದು ಪೀಡಿಸಿದ್ದ.

ಕಿರಣ್ ಹೋದ ಮೇಲೆ ಸುಧನ್ವ ಆ ಮೌನದ ತುಣುಕನ್ನು ಪ್ರತ್ಯೇಕವಾಗಿ ಕತ್ತರಿಸಿದ. ಖಾಲಿ ಜಾಗದಲ್ಲಿ ಗೊರಗೊರ ಇದ್ದರೆ ತೊಳೆದು ತೆಗೆಯಬೇಕೆಂದು ಹೆಡ್‌ಫೋನ್ ಹಾಕಿಕೊಂಡು ಧ್ವನಿಯನ್ನು ಪೂರ್ತಿ ಏರಿಸಿದ.

ಜಾಗ ಖಾಲಿ ಇರಲಿಲ್ಲ. ಹಜಾರದ ಸೀಲಿಂಗ್ ಫ್ಯಾನು ತನ್ನ ಹಳೆಯ ಅಭ್ಯಾಸದಂತೆ ಸುತ್ತಿಗೊಮ್ಮೆ ಕಿರ್ ಎನ್ನುತ್ತ ತಿರುಗುತ್ತಲೇ ಇತ್ತು. ಅಡಿಗೆಮನೆಯ ಕುಕ್ಕರು ಸಣ್ಣಗೆ ಸುಯ್ಯುತ್ತಿತ್ತು. ರಸ್ತೆಯಲ್ಲಿ ರಿಕ್ಷಾ ಒಂದು ಹತ್ತಿರವಾಗಿ ದೂರವಾಯಿತು. ಯಾವುದೂ ತುಂಡಾಗಿರಲಿಲ್ಲ. ಸುಧನ್ವ ಮುಂದಿನ ಮೌನವನ್ನು ಕೇಳಿದ. ಅದರ ಮುಂದಿನದನ್ನೂ ಕೇಳಿದ. ಫ್ಯಾನು ಎಲ್ಲಿಯೂ ನಿಂತಿರಲಿಲ್ಲ.

ಕಂಪ್ಯೂಟರು ತಪ್ಪಿದ್ದರೆ ಫ್ಯಾನಿನ ಸದ್ದೂ ತುಂಡಾಗಬೇಕಿತ್ತು. ನಿಂತದ್ದು ಅಪ್ಪ.

ಮನುಷ್ಯ ತನ್ನ ಸಂತೋಷಕ್ಕೆ ಒದಗಿದ ವಸ್ತುವಿನ ಮೂಲವನ್ನು ವಿಚಾರಿಸುವುದಿಲ್ಲ. ವಿಚಾರಿಸಿದರೆ ಸಂತೋಷ ಉಳಿಯುವುದೂ ಇಲ್ಲ. ಹೆಡ್‌ಫೋನ್ ಕಳಚಿಟ್ಟು ಸುಧನ್ವ ಅಡಿಗೆಮನೆಯ ಬಾಗಿಲಿಗೆ ಬಂದ. ತಾಯಿ ವೈದೇಹಿ ತೊಂಡೆಕಾಯಿ ಹೆಚ್ಚುತ್ತಿದ್ದರು.

"ಅಮ್ಮ, ಅಪ್ಪನ ಆವಾಜ್ ಅಟಕ್ತಾ ಇದೆ. ಮಾತಾಡ್ತಾ ಮಾತಾಡ್ತಾ ಬಂದ್ ಆಗ್ತಾರೆ."

ಈಳಿಗೆಮಣೆಯ ಮೇಲೆ ಕೈ ನಿಂತಿತು. ವೈದೇಹಿ ಮೊದಲು ಮಲಗುವ ಕೋಣೆಯ ಕಡೆಗೆ ನೋಡಿದರು. ಅಲ್ಲಿ ರಾಯರು ಎರಡನೆಯ ಪಾಳಿಗೆ ಅಣಿಯಾಗುತ್ತಿದ್ದರು.

"ಮೆತ್ತಗೆ ಮಾತಾಡೋ. ನನಗೆ ಗೊತ್ತಿದೆ. ಸಂಕ್ರಾಂತಿಯಿಂದ ಹೀಗೇ. ಸಂಧ್ಯಾವಂದನೆ ಮಾಡ್ತಾ ಮಾಡ್ತಾ ಮಂತ್ರ ನಿಂತುಬಿಡುತ್ತೆ. ಏನಾಯ್ತು ಅಂದ್ರೆ, ಏನಾಯ್ತು ಅಂತ ನನ್ನನ್ನೇ ಕೇಳ್ತಾರೆ. ಅವರಿಗೇ ತಿಳಿಯೋದಿಲ್ಲ."

"ಮತ್ತೆ ನೀನು ಹೇಳಿಲ್ವಾ? ಡಾಕ್ಟರ್?"

"ಸೂರತ್‌ನವರು ಮುಂದಿನ ವಾರ ಮನಸ್ವಿನಿಯನ್ನ ನೋಡೋಕೆ ಬರ್ತಾರೆ. ಹುಡುಗಿ ಅಪ್ಪನಿಗೆ ತಲೆಯಲ್ಲಿ ಏನೋ ಇದೆಯಂತೆ ಅಂತ ಒಂದು ಮಾತು ಹೊರಗೆ ಬಿದ್ದರೆ ಸಾಕು, ನಿನ್ನಕ್ಕನ ಕಥೆ ಮುಗಿದ ಹಾಗೇ. ಮದುವೆ ಆಗಲಿ, ಅಹಮದಾಬಾದಿಗೆ ಕರ್ಕೊಂಡು ಹೋಗಿ ದೊಡ್ಡ ಡಾಕ್ಟರಿಗೇ ತೋರಿಸೋಣ. ಅಲ್ಲೀವರೆಗೆ ಬಾಯಿ ಮುಚ್ಕೊಂಡಿರು, ನನ್ನಾಣೆ."

"ಇವತ್ತು ಪ್ಲಾಂಟ್ ಸ್ಟಾರ್ಟ್ ಮಾಡ್ತಾರಮ್ಮ. ಅಪ್ಪ ಮೈಕಲ್ಲಿ ಇರ್ತಾರೆ."

ದುರಸ್ತಿಗಾಗಿ ವಾರಗಟ್ಟಲೆ ಮುಚ್ಚಿದ್ದ ಕಾರ್ಖಾನೆ ಅಂದು ಮತ್ತೆ ಆರಂಭವಾಗುವುದಿತ್ತು. ಕೊಳವೆಗಳ ಬಳಿ ನಿಂತವರು ಮೇಲಿನ ಧ್ವನಿಯೊಂದನ್ನೇ ನಂಬಿ ಕೈಯಾಡಿಸುವವರು. ಅರ್ಧ ವಾಕ್ಯ ಕೇಳಿಸಿಕೊಂಡವನು ಉಳಿದರ್ಧವನ್ನು ತಾನೇ ಊಹಿಸಿಕೊಂಡರೆ? ಅವರ ಮನೆಗಳಲ್ಲಿಯೂ ಹೆಣ್ಣುಮಕ್ಕಳಿದ್ದರು. ವೈದೇಹಿ ದುಷ್ಟೆಯಲ್ಲ; ಬೆಕ್ಕಿಗೂ ಹಸಿವಾಗಬಾರದೆನ್ನುವ ಹೆಂಗಸು. ಆದರೆ ನಾಲ್ಕು ಜನ ಏನೆಂದಾರು ಎಂಬ ಅಂಜಿಕೆ ಸಜ್ಜನರಿಂದ ಮಾಡಿಸುವಷ್ಟು ಅನ್ಯಾಯವನ್ನು ದುಷ್ಟತನವೂ ಮಾಡಿಸಲಾರದು.

"ಏನದು ಇಬ್ಬರದೂ ಪಿಸಿಪಿಸಿ?" ರಾಯರು ಬೂದು ಸಮವಸ್ತ್ರದ ಗುಂಡಿ ಹಾಕಿಕೊಳ್ಳುತ್ತ ಹಜಾರಕ್ಕೆ ಬಂದರು. "ನನ್ನ ಹಾಡು ಎಲ್ಲಿಗೆ ಬಂತಪ್ಪಾ ಸಂಗೀತ ವಿದ್ವಾಂಸ?"

ತಾಯಿಯ ಕಣ್ಣು ಬೇಡವೆನ್ನುತ್ತಿತ್ತು. ಸುಧನ್ವ ಅತ್ತ ನೋಡದೆ ಹೋಗಿ, ತಾಳವನ್ನೂ ಸಾಸಿವೆಯನ್ನೂ ತೆಗೆದು, ತಂದೆಯ ಧ್ವನಿಯೊಂದನ್ನೇ ಹಾಕಿದ.

ರಾಯರು ಕೇಳಿದರು. ಮುಖ ಬಿಗಿಯಿತು. "ಇದೇನು, ನನ್ನನ್ನ ಉಗ್ಗ ಮಾಡಿದ್ದೀಯಾ? ತಮಾಷೆಗೂ ಒಂದು ಮಿತಿ ಬೇಡವೇ?"

"ನಾನು ಮಾಡಿಲ್ಲ ಅಪ್ಪ. ನೀವೇ ಹಾಗೆ ಹೇಳಿದ್ದು."

"ಕದ್ದ ಸಾಫ್ಟ್‌ವೇರು, ಗುಜರಿ ಕಂಪ್ಯೂಟರು. ಅದನ್ನಿಟ್ಟುಕೊಂಡು ನನಗೆ ಮಾತು ಕಲಿಸ್ತೀಯಾ? ಕನ್ನಡ ನೆಟ್ಟಗೆ ಬರಲ್ಲ, ಅಪ್ಪನ ತಪ್ಪು ಹಿಡಿಯೋಕೆ ಬಂದ!"

"ಫ್ಯಾನ್ ಕೇಳಿ ಅಪ್ಪ. ನಿಮ್ಮ ಮಾತು ಬೇಡ. ಪೀಛೆ ಫ್ಯಾನ್ ಇದೆ, ಅದನ್ನ ಕೇಳಿ."

ಹೆಡ್‌ಫೋನನ್ನು ಅವನು ಎರಡೂ ಕೈಯಲ್ಲಿ ಚಾಚಿದ. ಹೊಡೆತವೊಂದು ಬಿದ್ದೀತೆಂದು ಅವನ ಕೆನ್ನೆ ತಾನಾಗಿ ಬಿಗಿದಿತ್ತು. ರಾಯರು ಅದನ್ನು ಕಿತ್ತುಕೊಂಡು ಕಿವಿಗೆ ಹಾಕಿಕೊಂಡರು, ಕಣ್ಣು ಮುಚ್ಚಿದರು. ಯಂತ್ರಗಳ ನಡುವೆ ಆಯುಷ್ಯ ಕಳೆದ ಮನುಷ್ಯ. ಸದ್ದಿನ ಲಯವನ್ನು ಹಿಡಿಯುವುದು ಅವರಿಗೆ ಉಸಿರಾಟದಷ್ಟು ಸಹಜ. ಫ್ಯಾನಿನ ಕಿರ್ ಸದ್ದಿಗೆ ಸರಿಯಾಗಿ ಅವರ ತೋರುಬೆರಳು ಮೇಜನ್ನು ತಟ್ಟತೊಡಗಿತು. ಪರದೆಯ ಮೇಲಿನ ಗೆರೆ ಮೌನದೊಳಕ್ಕೆ ಹೊಕ್ಕಿತು. ಬೆರಳು ತಟ್ಟುತ್ತಲೇ ಇತ್ತು.

"ಇನ್ನೊಂದು ಸಲ," ಎಂದರು.

ಮತ್ತೆ ಕೇಳಿದರು. ಈ ಸಲ ಮೌನದ ನಟ್ಟನಡುವೆ ಬೆರಳು ನಿಂತಿತು. ಹೆಡ್‌ಫೋನ್ ತೆಗೆದು ಹೆಂಡತಿಯ ಕಡೆ ತಿರುಗಿದರು.

"ನಿನಗೆ ಗೊತ್ತಿತ್ತೇನೇ?"

ವೈದೇಹಿ ಒಣಗಿದ ಕೈಯನ್ನೇ ಸೆರಗಿಗೆ ಒರೆಸಿಕೊಂಡರು.

"ಡ್ಯೂಟಿಗೆ ಹೊತ್ತಾಯ್ತು," ಎಂದು ರಾಯರು ಹೆಲ್ಮೆಟ್ ತೆಗೆದುಕೊಂಡು ಹೊರಟೇಬಿಟ್ಟರು. ಸ್ಕೂಟರಿನ ಸದ್ದು ತಿರುವಿನಲ್ಲಿ ಕರಗಿತು.

ಸುಧನ್ವ ಸೈಕಲ್ಲಿಗೆ ಕೈ ಹಾಕಿದಾಗ ತಾಯಿ ಹಿಂದಿನ ಸೀಟನ್ನು ಹಿಡಿದರು. "ಕಾರ್ಖಾನೆಗೆ ಹೋಗಿ ಅಪ್ಪನ ಮಾನ ಕಳೀತೀಯೇನೋ? ಇಷ್ಟು ವರ್ಷ ದುಡಿದವರು. ಅವರ ಹೊಟ್ಟೆಯಲ್ಲಿ ಹುಟ್ಟಿದ ಮಗ ನೀನು!"

"ರಘುರಾಮ್ ಅಂಕಲ್‌ಗೆ ಹೇಳ್ತೀನಿ ಅಷ್ಟೇ. ಬಿಡಮ್ಮ."

ಅವನು ಸೀಟನ್ನು ಬಿಡಿಸಿಕೊಂಡು ಪೆಡಲು ತುಳಿದ. ಬಿಸಿಲಿಗೆ ರಸ್ತೆಯ ಡಾಂಬರು ಮೆತ್ತಗಾಗಿತ್ತು. ಕ್ಲೋರಿನ್ನಿನ ತೆಳುವಾಸನೆ ಎಂದಿನಂತೆ ಗಂಟಲನ್ನು ಕೆರೆಯುತ್ತಿತ್ತು. ಕಾರ್ಖಾನೆಯ ಗೋಡೆ ಕಾಣಿಸುತ್ತಿದ್ದಂತೆ ಒಳಗಿನ ಧ್ವನಿವರ್ಧಕ ಗರಗರನೆ ಜೀವತಳೆಯಿತು. ಸುಧನ್ವ ಸೈಕಲ್ ನಿಲ್ಲಿಸಿ, ಒಂದು ಕಾಲು ನೆಲಕ್ಕೂರಿ ಕೇಳಿದ.

"ಧ್ಯಾನ್ ದೀಜಿಯೇ..." ಅದು ತಂದೆಯ ಧ್ವನಿಯಲ್ಲ. ತಂದೆಯ ಕೈಕೆಳಗಿನ ರಘುರಾಮರ ಕೀರಲು ಧ್ವನಿ. ಅಳುಕುತ್ತಿದ್ದರೂ ಎಲ್ಲಿಯೂ ತುಂಡಾಗದೆ ಕೊನೆಯವರೆಗೆ ಹೋಯಿತು.

ಹಾಗಾದರೆ ಅಪ್ಪನಿಗೆ ಏನಾಯಿತು? ಸೈಕಲ್ಲನ್ನು ಗೋಡೆಗೆ ಒಗೆದು ಗೇಟಿಗೆ ಓಡಿದ. ಕಾವಲುಗಾರ ಅವನ ಗುರುತು ಹಿಡಿದು, ಏನೂ ಕೇಳದೆ, ಬೇವಿನ ಮರದ ಕೆಳಗಿನ ಸಿಮೆಂಟು ಬೆಂಚಿನತ್ತ ಕೈ ತೋರಿಸಿದ. "ಸಾಹೇಬ್ ತ್ಯಾಂ ಬೇಠಾ ಛೇ," ಅಲ್ಲಿ ಕೂತಿದ್ದಾರೆ ಎಂದ.

ರಾಯರು ಹೆಲ್ಮೆಟನ್ನು ಮಡಿಲಲ್ಲಿಟ್ಟುಕೊಂಡು ನೇರವಾಗಿ ಕುಳಿತಿದ್ದರು. ಮಗನನ್ನು ಕಂಡು ಪಕ್ಕಕ್ಕೆ ಸರಿದು ಜಾಗ ಮಾಡಿದರು.

"ನಾನೇ ಹೇಳ್ದೆ ಕಣಪ್ಪಾ. ಮೈಕು ರಘುರಾಮನಿಗೆ ಕೊಟ್ಟೆ. ಮ್ಯಾನೇಜರಿಗೆ ನಗು ಬಂತು, ಮೊದಲು. ಆಮೇಲೆ ಕಾರ್ಖಾನೆ ಡಾಕ್ಟರನ್ನ ಕರೆಸಿದ್ದಾರೆ. ಕಾಯ್ತಾ ಇದ್ದೀನಿ."

"ಅಮ್ಮ..."

"ಅವಳನ್ನ ಬೈಬೇಡ. ಸೂರತ್‌ನವರಿಗೆ ನಾನೇ ಫೋನ್ ಮಾಡಿ ಹೇ... ಹೇ..."

ಕಣ್ಣು ಗೋಡೆಯಾಚೆಗೆ ನೆಟ್ಟಿತು. ಬಲಗೈಯ ಬೆರಳುಗಳು ಪ್ಯಾಂಟಿನ ಬಟ್ಟೆಯನ್ನು ಹುಲ್ಲು ಕೀಳುವಂತೆ ಕೀಳತೊಡಗಿದವು. ಹೆಲ್ಮೆಟ್ ಉರುಳಿ ಬಿದ್ದದ್ದು ಅವರಿಗೆ ತಿಳಿಯಲಿಲ್ಲ. ಉಳಿದ ಅಕ್ಷರಗಳು ಸುಧನ್ವನ ನಾಲಗೆಯ ತುದಿಯಲ್ಲಿಯೇ ಇದ್ದವು. ಅವನು ಅವನ್ನು ಆಡಲಿಲ್ಲ. ಗೋಡೆಯ ಮೇಲೆ ಬಿಳಿಯ ಆವಿ ಮೆಲ್ಲಗೆ ಏಳುತ್ತಿತ್ತು. ತಂದೆಯ ಕಾಲ ಬಳಿ ಕುಕ್ಕರುಗಾಲಿನಲ್ಲಿ ಕುಳಿತು, ಅರ್ಧ ತೆರೆದ ಆ ತುಟಿಗಳನ್ನೇ ನೋಡುತ್ತ ಅವನು ಕಾದ.