ನಾಲ್ಕನೇ ಸಾಲಿನ ಬಿಲ್ಲೆ

ತಪಾಸಣೆಯ ದಿನ ನಮ್ಮ ಕಾರ್ಖಾನೆಯಲ್ಲಿ ಹಿಂಬಾಗಿಲ ಬೀಗ ತೆಗೆಯುತ್ತಾರೆ, ಔಷಧಿ ಪೆಟ್ಟಿಗೆಗೆ ಹೊಸ ಹತ್ತಿ ತುಂಬುತ್ತಾರೆ, ನಾನು ಬಿಲ್ಲೆ ಬಚ್ಚಿಡುತ್ತೇನೆ.

ಬಿಲ್ಲೆ ಎಂದರೆ ಅಂಗೈಯಗಲದ ಮರದ ತುಂಡು. ನಾಲ್ಕು ಎಂಬ ಕೆಂಪು ಅಂಕಿ ಬೆವರಿಗೆ ಅರ್ಧ ಅಳಿಸಿಹೋಗಿದೆ. ನಾಲ್ಕನೇ ಸಾಲಿನ ನಲವತ್ತೆರಡು ಹೆಂಗಸರಲ್ಲಿ ಯಾರಿಗೇ ಶೌಚಕ್ಕೆ ಹೋಗಬೇಕಾದರೂ ಮೇಲ್ವಿಚಾರಕಿಯಾದ ನನ್ನ ಮುಂದೆ ಬಂದು ಕೈ ಚಾಚಬೇಕು. ಇರುವುದು ಒಂದೇ ಬಿಲ್ಲೆ. ಅದು ಹೊರಗೆ ಹೋಗಿದ್ದರೆ ಬರುವ ತನಕ ತಡೆದುಕೊಳ್ಳಬೇಕು. ಅಂಗಿಗೆ ಕಾಜಾ ಹೊಲಿಯುವ ಹಿರಿಯಳು, ನಾವೆಲ್ಲ ಕಾಜಾ ಅತ್ತೆ ಎನ್ನುವವಳು, ಅದಕ್ಕೆ ರಾಜಮುದ್ರೆ ಎಂದು ಹೆಸರಿಟ್ಟಿದ್ದಾಳೆ. "ಮುದ್ರೆ ಇಲ್ದೆ ಮೂತ್ರ ಇಲ್ಲ" ಎನ್ನುತ್ತಾಳೆ.

ನನ್ನ ತಂಗಿ ಇದೇ ಸಾಲಿನಲ್ಲಿ ಕಾಲರ್ ಹೊಲಿಯುತ್ತಾಳೆ. ಈ ವರ್ಷ ಮೂರು ಸಲ ಮೂತ್ರದ ಸೋಂಕಾಗಿ ಜ್ವರ ಬಂದು ಮಲಗಿದಳು. ಮೂರನೇ ಸಲ ಡಾಕ್ಟರಮ್ಮ ಅವಳನ್ನು ಬಿಟ್ಟು ನನ್ನನ್ನು ಬೈದರು. "ನೀರು ಕುಡಿಸ್ರಿ. ಬಂದಾಗ ಹೋಗ್ಲಿ. ಇನ್ನೊಂದ್ಸಲ ಹೀಗಾದ್ರೆ ಕಿಡ್ನಿ ಕೈಕೊಡುತ್ತೆ." ತಂಗಿ ಬೆಳಿಗ್ಗೆ ತುಂಬಿಸಿ ತಂದ ಬಾಟಲಿಯನ್ನು ಸಂಜೆ ಹಾಗೆಯೇ ಮನೆಗೆ ಒಯ್ಯುತ್ತಾಳೆ. ಅವಳಿಗೆ ಒಂದು ಸಲ ಹೆಚ್ಚಿಗೆ ಬಿಲ್ಲೆ ಕೊಟ್ಟರೆ ಉಳಿದವರು "ಅಕ್ಕನ ರಾಜ್ಯ ಅಲ್ವಾ" ಎನ್ನುತ್ತಾರೆ. ಅವರು ಹೇಳುವುದು ಸರಿಯೇ.

ಆ ದಿನ ಮೆಷಿನ್ ಶುರುವಾಗುವ ಮೊದಲು ಮ್ಯಾನೇಜರ್ ಬಂದ. ಮಾತಿಗೊಮ್ಮೆ ಕೈಗಡಿಯಾರ ನೋಡುವುದರಿಂದ ಅವನಿಗೆ ಗಡಿಯಾರ ಎಂದೇ ಹೆಸರು.

"ಶೌಚದ ಬಗ್ಗೆ ಕೇಳಿದ್ರೆ ಏನ್ ಹೇಳ್ತೀರಿ?"

"ಯಾವಾಗ ಬೇಕಾದ್ರೂ ಹೋಗ್ತೀವಿ ಸಾರ್" ಎಂದು ಸಾಲಿಗೆ ಸಾಲೇ ಗಿಳಿಪಾಠ ಒಪ್ಪಿಸಿತು.

"ಬೇಕಾದಾಗ ಮಾತ್ರ ಹೋಗಲ್ಲ ಸಾರ್" ಎಂದಳು ಕಾಜಾ ಅತ್ತೆ. ಎಲ್ಲರೂ ನಕ್ಕರು.

"ಹಲ್ಲು ಬಿಡ್ಬೇಡಿ. ಈ ಆರ್ಡರ್ ಹೋದ್ರೆ ಕಡಲಾಚೆಯವ್ರಿಗೆ ಇನ್ನೊಂದು ದೇಶ ಸಿಗುತ್ತೆ. ನಿಮಗೆ ಇನ್ನೊಂದು ಕಾರ್ಖಾನೆ ಸಿಗಲ್ಲ."

ನಗು ನಿಂತಿತು. ಪಕ್ಕದ ಕಾರ್ಖಾನೆ ಹೋದ ವರ್ಷ ಹಾಗೆಯೇ ಮುಚ್ಚಿತ್ತು. ಅದರ ಗೇಟಿನ ಮುಂದೆ ಈಗ ನಾಯಿ ಮಲಗುತ್ತದೆ.

ತಪಾಸಣೆಗೆ ಬಂದವಳು ಅಂಗಿ ಕೊಳ್ಳುವ ವಿದೇಶಿ ಕಂಪನಿಯ ಪರವಾಗಿ ಬಂದಿದ್ದರೂ ನಮ್ಮ ಮಾತೇ ಆಡುವವಳು. ಚಪ್ಪಲಿಯ ಹಿಮ್ಮಡಿ ಒಂದೇ ಕಡೆಗೆ ಸವೆದಿತ್ತು. ಇದು ಈ ವಾರದ ಐದನೇ ಕಾರ್ಖಾನೆಯಂತೆ. ನನ್ನ ತಂಗಿಯ ಮೆಷಿನ್ ಹತ್ತಿರ ನಿಂತು ಬಾಟಲಿ ನೋಡಿದಳು.

"ತುಂಬಿದ್ದು ಹಾಗೇ ಇದೆಯಲ್ಲಮ್ಮ. ನೀರು ಕುಡಿಯಲ್ವಾ?"

"ಅಯ್ಯೋ, ಚೆನ್ನಾಗಿ ಕುಡೀತಾಳೆ" ಎಂದ ಗಡಿಯಾರ. "ಕುಡಿಯಮ್ಮ, ಕುಡಿ."

ತಂಗಿ ಅವನ ಮುಖ ನೋಡುತ್ತಲೇ ಮುಕ್ಕಾಲು ಬಾಟಲಿ ಗಟಗಟ ಕುಡಿದಳು.

ಒಂದು ಗಂಟೆ ಕಳೆದ ಮೇಲೆ ತಪಾಸಕಿ ನನ್ನ ಮೇಜಿನ ಬಳಿ ಹಾಜರಿ ಪುಸ್ತಕ ತಿರುವುತ್ತಿದ್ದಳು. ಗಡಿಯಾರ ಪಕ್ಕದಲ್ಲೇ ಇದ್ದ. ತಂಗಿ ಎದ್ದಳು. ಸೀದಾ ಹೋಗಿಬಿಟ್ಟಿದ್ದರೆ ಮುಗಿದಿತ್ತು, ಆ ದಿನ ಅದಕ್ಕೆ ಅಡ್ಡಿಯಿರಲಿಲ್ಲ. ಆದರೆ ಐದು ವರ್ಷದ ರೂಢಿ. ನೇರ ನನ್ನ ಮುಂದೆ ಬಂದು ಕೈ ಚಾಚಿದಳು.

"ಏನು ಬೇಕಂತೆ?" ಎಂದಳು ತಪಾಸಕಿ.

"ದಾರ" ಎಂದ ಗಡಿಯಾರ. "ದಾರ ಮುಗಿದಿರ್ಬೇಕು."

ತಂಗಿಗೆ ತಪ್ಪು ಅರಿವಾಯಿತು. ಆದರೂ ಕೈ ಹಿಂದಕ್ಕೆ ಹೋಗಲಿಲ್ಲ. ತಡೆದುಕೊಂಡು ತಡೆದುಕೊಂಡು ಮೊಣಕಾಲು ನಡುಗುತ್ತಿತ್ತು. ನಾನೇನೂ ಧೈರ್ಯವಂತೆಯಲ್ಲ. ಆ ಮೊಣಕಾಲು ನೋಡಲಾಗಲಿಲ್ಲ, ಅಷ್ಟೇ. ಜೇಬಿನಿಂದ ಬಿಲ್ಲೆ ತೆಗೆದು ಅವಳ ಕೈಗಿಟ್ಟೆ. ಅವಳು ಓಡಿದಳು.

ತಪಾಸಕಿ ಬೆಂಕಿ ಅವಘಡದ ತಾಲೀಮಿನ ದಾಖಲೆ ಬೇಕೆಂದು ಗಡಿಯಾರನನ್ನು ಕಚೇರಿಗೆ ಅಟ್ಟಿದಳು. ಸ್ಟೂಲ್ ಎಳೆದು ಕೂತಳು.

"ಎಷ್ಟು ಜನಕ್ಕೆ ಒಂದು?"

"ನಲವತ್ತೆರಡು."

"ವರದೀಲಿ ಬರೀಲಾ?"

"ಬರೆದ್ರೆ ಏನಾಗುತ್ತೆ?"

"ಸರಿಮಾಡಿ ಅಂತ ಕಾಗದ ಬರ್ಬಹುದು. ಇಲ್ಲಾ ಆರ್ಡರ್ ಕಡಿಮೆ ಮಾಡ್ಬಹುದು. ಹೋದ ತಿಂಗಳು ಒಂದು ಕಡೆ ಬರೆದೆ. ಇನ್ನೂರು ಜನ ಮನೆಗೆ ಹೋದ್ರು."

"ಬರೀದಿದ್ರೆ?"

"ಏನೂ ಆಗಲ್ಲ. ಇದೇ ನಡೆಯುತ್ತೆ."

"ಅದು ನಿಮ್ಮ ಕೆಲ್ಸ ಅಲ್ವಾ ಮೇಡಂ? ನನ್ನನ್ಯಾಕೆ ಕೇಳ್ತೀರಿ?"

"ಎಲ್ಲಾ ಕಡೆ ನಾನೇ ತೀರ್ಮಾನ ಮಾಡಿ ಸಾಕಾಗಿದೆ" ಎಂದು ಅವಳು ಕಣ್ಣುಜ್ಜಿಕೊಂಡಳು.

ನನಗೆ ಸಿಟ್ಟು ಬಂತು. ಅವಳ ಹೊರೆ ನನ್ನ ತಲೆಗೆ. ಹತ್ತಿರದ ಮೆಷಿನ್‌ನಲ್ಲಿದ್ದ ಕಾಜಾ ಅತ್ತೆ ಪೆಡಲ್ ಮೇಲಿನ ಕಾಲು ನಿಲ್ಲಿಸಿ ಕೇಳಿಸಿಕೊಳ್ಳುತ್ತಿದ್ದಳು. ನಾನು ನೋಡಿದ ಕೂಡಲೇ ತಲೆ ತಗ್ಗಿಸಿದಳು. ನಲವತ್ತೆರಡು ಜನರನ್ನು ಕೇಳಲು ಹೊತ್ತಿರಲಿಲ್ಲ, ಕೇಳಿದ್ದರೆ ಬೇಡ ಎನ್ನುತ್ತಿದ್ದರು. ಅಷ್ಟರಲ್ಲಿ ತಂಗಿ ಬಂದು ಒದ್ದೆ ಬಿಲ್ಲೆಯನ್ನು ಬಟ್ಟೆಗೆ ಒರೆಸಿ ಮೇಜಿನ ಮೇಲಿಟ್ಟಳು. ಮುಖಕ್ಕೆ ಕಳೆ ಮರಳಿತ್ತು.

"ಬರೀರಿ" ಎಂದೆ.

ಒಂದೂವರೆ ತಿಂಗಳಿಗೆ ಕಾಗದ ಬಂತು. ಬಿಲ್ಲೆ ಕೂಡದು ಎಂದಿತ್ತು. ಅದರ ಹಿಂದೆಯೇ ಆರ್ಡರ್ ಕಡಿತವಾದ ಸುದ್ದಿಯೂ ಬಂತು. ಅದು ಇದಕ್ಕೇನಾ ಎಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಗಡಿಯಾರ ನನ್ನ ಮುಂದೆ ಖಾಲಿ ಹಾಳೆ ಇಟ್ಟ.

"ನಿನ್ನ ಸಾಲಿಂದ ಇಪ್ಪತ್ತೊಂದು ಜನ ಹೋಗ್ಬೇಕು. ಅವತ್ತು ಬಿಲ್ಲೆ ತೋರಿಸಿ ಬರೆಸಿದ್ದು ನೀನು. ಇವತ್ತು ನೀನೇ ಬರಿ."

ಮೊದಲಿಗೆ ತಂಗಿಯ ಹೆಸರು ಬರೆದೆ. ಬೇರೆ ಯಾರ ಹೆಸರನ್ನು ಮೊದಲು ಬರೆದಿದ್ದರೂ ಉಳಿದ ಇಪ್ಪತ್ತನ್ನು ಬರೆಯುವ ಮುಖ ನನಗಿರುತ್ತಿರಲಿಲ್ಲ.

ತಂಗಿ ಅಳಲಿಲ್ಲ. ಆ ಸಂಜೆ ಅಡುಗೆಮನೆಯಲ್ಲಿ ನಿಂತು ಒಂದು ಚೊಂಬು ನೀರು ಕುಡಿದಳು.

"ಈಗ ಎಷ್ಟು ಬೇಕಾದ್ರೂ ಕುಡೀಬಹುದು, ಅಲ್ವೇನೇ ಅಕ್ಕ?"

"ಇನ್ನೊಂದು ಕಡೆ ಕೇಳೋಣ ಕಣೆ."

"ಅಲ್ಲೂ ಬಿಲ್ಲೆ ಇದ್ರೆ?"

ನಾನು ಚೊಂಬನ್ನು ಅವಳ ಕೈಯಿಂದ ತೆಗೆದುಕೊಂಡು ಮತ್ತೆ ತುಂಬಿಸಿಟ್ಟೆ.

ಸಾಲಿನಲ್ಲಿ ಈಗ ಅರ್ಧ ಮೆಷಿನ್‌ಗಳ ಮೇಲೆ ಪ್ಲಾಸ್ಟಿಕ್ ಹೊದಿಕೆ. ಬಿಲ್ಲೆಯನ್ನು ಕಾಗದ ಬಂದ ದಿನವೇ ಗಡಿಯಾರ ಎತ್ತಿಕೊಂಡು ಹೋದ. ಆದರೂ ನಿನ್ನೆ ಮಧ್ಯಾಹ್ನ ಕಾಜಾ ಅತ್ತೆ ಎದ್ದು ಬಂದು ನನ್ನ ಮುಂದೆ ಕೈ ಚಾಚಿದಳು.

"ಇಲ್ಲ ಅತ್ತೆ. ಹಾಗೇ ಹೋಗು."

"ಹೌದಲ್ಲ" ಎಂದು ಕೈ ಮಡಿಸಿಕೊಂಡಳು. "ಹಾಳಾದ್ದು, ಮುದ್ರೆ ಇಲ್ದೆ ಬರೋದೂ ಇಲ್ಲ ಕಣೆ ಈಗ."

ನನಗೆ ನಗು ಬರಲಿಲ್ಲ. ಅವಳಿಗೂ ಬರಲಿಲ್ಲ. ಖಾಲಿ ಮೆಷಿನ್‌ಗಳ ನಡುವೆ ನಿಧಾನಕ್ಕೆ ನಡೆದುಹೋದಳು.